ಎಮಿಲಿಗೆ ಇಬ್ಬರೇ ಮಕ್ಕಳು

ನೆಬ್ರಾಸ್ಕಾದ ಡುಬ್ರಾವಾ ಊರಿನಲ್ಲಿ ಯಾರೇ ಮನೆ ಕೊಳ್ಳಲಿ, ಹೊಲ ಮಾರಲಿ, ಕಾಗದಗಳು ಒಮ್ಮೆ ಅರ್ಡಿತ್ ಜೆಲೆಂಕಾಳ ಮೇಜನ್ನು ಹಾದೇ ಹೋಗಬೇಕು. ಕೋರ್ಟಿನ ಎದುರಿಗೆ ಅವಳದು ಒಂದೂವರೆ ಕೋಣೆಯ ಕಚೇರಿ. ಜಮೀನು ಯಾರಿಂದ ಯಾರಿಗೆ ಬಂತು, ನಡುವೆ ಯಾರು ಸತ್ತರು, ಯಾವ ಹೆಂಡತಿಯ ರುಜು ಬಿಟ್ಟುಹೋಗಿದೆ ಎಂದು ನೂರು ವರ್ಷದ ದಫ್ತರು ಜಾಲಾಡಿ, ಕೊನೆಗೆ ಅವಳು ‘ಹಕ್ಕು ಶುದ್ಧವಾಗಿದೆ’ ಎಂದು ಬರೆಯುತ್ತಿದ್ದಳು. ಆ ಒಂದು ಸಾಲನ್ನು ನಂಬಿ ಅವಳನ್ನು ಏಜೆಂಟಾಗಿ ಇಟ್ಟುಕೊಂಡಿದ್ದ ಒಮಾಹಾದ ವಿಮಾ ಕಂಪನಿ, ಜಮೀನು ಕೊಂಡವರಿಗೆ ಪಾಲಿಸಿ ಕೊಡುತ್ತಿತ್ತು. ನಾಳೆ ಯಾರಾದರೂ ಬಂದು ‘ಇದರಲ್ಲಿ ನನಗೂ ಪಾಲಿದೆ’ ಎಂದರೆ ಹೊಣೆ ಕಂಪನಿಯದು. ನಲವತ್ತೊಂದು ವರ್ಷದಲ್ಲಿ ಹಾಗೆ ಯಾರೂ ಬಂದಿರಲಿಲ್ಲ. “ಅರ್ಡಿತ್ ನೋಡಿದ್ದಾಳಾ? ಹಾಗಾದ್ರೆ ದೇವರು ನೋಡಿದ ಹಾಗೆ, ರುಜು ಹಾಕು” ಎಂಬುದು ಊರಿನ ಮಾತಾಗಿತ್ತು. ಆ ಮಾತು ಕಿವಿಗೆ ಬಿದ್ದಾಗ ಅರ್ಡಿತ್ ನಕ್ಕು ಕೈಬೀಸಿ ತಳ್ಳಿಹಾಕುತ್ತಿದ್ದಳು. ಆದರೂ ಒಳಗೊಳಗೇ ಹಿಗ್ಗುತ್ತಿದ್ದಳು.

೧೯೯೬ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ದಪ್ಪ ಕೋಟು ತೊಟ್ಟ, ಅರವತ್ತರ ಹತ್ತಿರದ ಹೆಂಗಸೊಬ್ಬಳು ಒಳಗೆ ಬಂದಳು. ಕೈಯಲ್ಲಿ ಕಂದು ಲಕೋಟೆ.

“ಹಳೇ ಜಮೀನಿನ ಕಾಗದ ನೋಡ್ಬೇಕಿತ್ತು. ಕೋರ್ಟಲ್ಲಿ ಕೇಳಿದ್ರೆ, ನಿಮ್ಮ ಹತ್ರ ಬೇಗ ಸಿಗತ್ತೆ ಅಂದ್ರು.”

“ಯಾರ ಹೆಸರಲ್ಲಿದೆ?”

“ಎಮಿಲಿ ಸೆಡ್ಲಾಚೆಕ್. ನಾನು ಇರ್ಮಾ ಪೊಸ್ಪಿಶಿಲ್, ಒಮಾಹಾದವಳು. ಎಮಿಲಿ ನಮ್ಮ ತಾಯಿ.”

ಅರ್ಡಿತ್ ಬರೆಯುತ್ತಿದ್ದ ಪೆನ್ನು ‘ಎಮಿಲಿ’ಯ ಮೇಲೆಯೇ ನಿಂತುಬಿಟ್ಟಿತು.

ಇರ್ಮಾ ತಾನಾಗಿಯೇ ಹೇಳುತ್ತಾ ಹೋದಳು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾಗಿದ್ದಳು. ಪಾಸ್‌ಪೋರ್ಟಿಗೆಂದು ಮೊದಲ ಸಲ ಜನನಪತ್ರ ತರಿಸಿದಾಗ ತಾಯಿಯ ಹೆಸರಿನ ಜಾಗದಲ್ಲಿ ತನ್ನನ್ನು ಸಾಕಿದವಳ ಹೆಸರಿರಲಿಲ್ಲ. ಸಾಕಿದವಳು ಎಮಿಲಿಯ ಚಿಕ್ಕಮ್ಮ. ದತ್ತಕದ ಕಾಗದವೂ ಆಗಿರಲಿಲ್ಲ. “ಕೇಳೋಣ ಅಂದ್ರೆ ಇಬ್ರೂ ಮಣ್ಣು ಸೇರಿದ್ದಾರೆ. ಅದಕ್ಕೇ ಕಾಗದಗಳನ್ನ ಕೇಳೋಕೆ ಬಂದೆ” ಎಂದು ಸಣ್ಣಗೆ ನಕ್ಕಳು.

ಅರ್ಡಿತ್ ಕಡತ ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿದಳು. ಆ ಕಡತ ಯಾವ ಕಪಾಟಿನ ಎಷ್ಟನೆಯ ಖಾನೆಯಲ್ಲಿದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

೧೯೭೧ರಲ್ಲಿ, ಗಂಡ ತೀರಿಕೊಂಡ ಮರುವರ್ಷ, ಎಮಿಲಿ ಇದೇ ಕಚೇರಿಗೆ ಬಂದಿದ್ದಳು. ಅರ್ಡಿತ್‌ಗೆ ಆಗ ಮೂವತ್ತಾರು. ಎಮಿಲಿ ಕೂರಲಿಲ್ಲ. ನಿಂತೇ ಕೇಳಿದಳು: “ಮದುವೆಗೆ ಮುಂಚೆ ಹುಟ್ಟಿದ ಮಗುಗೆ ತಾಯಿ ಆಸ್ತಿಲಿ ಪಾಲಿರತ್ತಾ?” ಇರುತ್ತದೆ, ಉಯಿಲು ಬರೆಯದೆ ಸತ್ತರೆ ಮಿಕ್ಕ ಮಕ್ಕಳಷ್ಟೇ ಪಾಲು ಎಂದಳು ಅರ್ಡಿತ್, ಬರೆದಿಟ್ಟರೆ ಇನ್ನೂ ಒಳ್ಳೆಯದು ಎಂದೂ ಸೇರಿಸಿದಳು. ಎಮಿಲಿ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದಳು. “ಒಮಾಹಾದಲ್ಲಿ ಒಬ್ಬಳಿದ್ದಾಳೆ. ಇರ್ಮಾ ಅಂತ. ಅವಳ ಹೆಸರು ನನ್ನ ಕೈಯಲ್ಲಿ ಬರೆಯೋ ಧೈರ್ಯ ನನಗಿಲ್ಲ ಅರ್ಡಿತ್. ಕಾನೂನೇ ಕೊಡೋದಾದ್ರೆ ಕೊಡಲಿ. ಅದಾದ್ರೂ ನಾಚಿಕೊಳ್ಳಲ್ಲ” ಎಂದು ಹೊರಟುಹೋದಳು. ಉಯಿಲು ಬರೆಯಲಿಲ್ಲ.

ಎಮಿಲಿ ಸತ್ತದ್ದು ೧೯೮೨ರಲ್ಲಿ. ಊರ ಪೂರ್ವಕ್ಕೆ ಅವಳ ತಂದೆಯಿಂದ ಬಂದ ನೂರರವತ್ತು ಎಕರೆಗೆ ಕೊಳ್ಳುವವರು ಸಿದ್ಧರಿದ್ದರು. ಹಿರಿಯ ಮಗ ಲೆನರ್ಡ್ ಬಂದು ಟೋಪಿ ತೆಗೆದು ಕೂತ. ಅರ್ಡಿತ್‌ಳ ಗಂಡ ಮೈಲೋನೂ ಅವನೂ ಬಾಲ್ಯದ ಗೆಳೆಯರು. ಪ್ರತಿ ಚಳಿಗಾಲ ಒಂದೇ ಗಾಡಿಯಲ್ಲಿ ಬಾತು ಬೇಟೆಗೆ ಹೋಗುವವರು.

“ವಾರಸುದಾರರು ಯಾರು ಅಂತ ಹೊರಗಿನವರೊಬ್ರು ಪ್ರಮಾಣ ಮಾಡಿ ಬರೆದುಕೊಟ್ರೆ ಸಾಕಂತಲ್ಲ? ನೀನೇ ಬರೆದುಬಿಡು. ಬೇರೆಯವರಾದ್ರೆ ಇಲ್ಲದ್ದೆಲ್ಲಾ ಕೇಳ್ತಾರೆ.” ಆಮೇಲೆ ದನಿ ತಗ್ಗಿಸಿ, “ಒಮಾಹಾದ ವಿಷ್ಯ ನಿನ್ನ ಕಿವಿಗೂ ಬಿದ್ದಿರಬಹುದು. ಅಮ್ಮನ ಸಮಾಧಿ ಮಣ್ಣು ಇನ್ನೂ ಹಸಿ ಇದೆ. ಅವಳ ಮಾನ ಕೋರ್ಟಲ್ಲಿ ಹರಾಜಾಗ್ಬೇಕಾ, ಹೇಳು?”

ಅರ್ಡಿತ್ ಎದುರಾಡಲಿಲ್ಲ. ಟೈಪ್ ಮಾಡಿ, ಪ್ರಮಾಣ ಮಾಡಿ, ರುಜು ಹಾಕಿದಳು. ಸತ್ತವಳ ಮರ್ಯಾದೆ ಉಳಿಸಿದೆ ಎಂದು ಅಂದು ತನಗೆ ತಾನೇ ಹೇಳಿಕೊಂಡಳು. ಕ್ರಯವಾದ ವಾರ ಲೆನರ್ಡ್ ಎರಡು ಬಾತು ಸುಲಿದು ತಂದುಕೊಟ್ಟ. ಅವಳು ಜೀರಿಗೆಯಂಥ ಕ್ಯಾರವೇ ಬೀಜ ಹಾಕಿ ಹುರಿದಳು. ಮೂವರೂ ಕೂತು ಉಂಡರು.

ಈಗ ಅವಳು ಕಡತ ತಂದು ಕೌಂಟರಿನ ಮೇಲಿಟ್ಟಳು. ಇರ್ಮಾ ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದಳು. ಒಂದು ಕಡೆ ನಿಂತು, ಮೆಲುದನಿಯಲ್ಲಿ ಓದಿದಳು: “ಮೃತ ಎಮಿಲಿ ಸೆಡ್ಲಾಚೆಕ್ ಅವರನ್ನು ನಾನು ಇಪ್ಪತ್ತೈದು ವರ್ಷಗಳಿಂದ ಚೆನ್ನಾಗಿ ಬಲ್ಲೆ. ಲೆನರ್ಡ್ ಮತ್ತು ವಿಲ್ಬರ್ ಎಂಬ ಇಬ್ಬರ ಹೊರತು ಅವರಿಗೆ ಬೇರೆ ಮಕ್ಕಳಿಲ್ಲ, ಎಂದೂ ಇರಲಿಲ್ಲ.” ಕೊನೆಯ ಎರಡು ಪದಗಳನ್ನು ಇನ್ನೊಮ್ಮೆ ಓದಿದಳು. “ಎಂದೂ ಇರಲಿಲ್ಲ.”

ತಲೆಯೆತ್ತಿ ಕೇಳಿದಳು: “ಈ ಅರ್ಡಿತ್ ಜೆಲೆಂಕಾ ಅನ್ನೋರು ಬದುಕಿದ್ದಾರಾ?”

“ಇದ್ದಾರೆ.”

“ಎಲ್ಲಿ ಸಿಗ್ತಾರೆ?”

“ಊಟಕ್ಕೆ ಹೋಗಿದ್ದಾರೆ” ಎಂದಳು ಅರ್ಡಿತ್.

ಗಡಿಯಾರದಲ್ಲಿ ಹತ್ತೂಕಾಲು. ಇರ್ಮಾ ಅತ್ತ ಒಮ್ಮೆ, ಗೋಡೆಯ ಕಡೆ ಒಮ್ಮೆ ನೋಡಿ, ಲಕೋಟೆ ಎತ್ತಿಕೊಂಡಳು. “ಹಾಗಾದ್ರೆ ಪಕ್ಕದ ಕೆಫೆಯಲ್ಲಿ ಕೂತಿರ್ತೀನಿ. ಬಂದ್ಮೇಲೆ ಹೇಳಿ.”

ಬಾಗಿಲು ಮುಚ್ಚಿದ ಮೇಲೆ ಅರ್ಡಿತ್ ಒಳಗಿನ ಅರ್ಧ ಕೋಣೆಗೆ ಹೋಗಿ ಪೆಟ್ಟಿಗೆಯೊಂದರ ಮೇಲೆ ಕೂತಳು. ಕಿವಿ, ಕತ್ತು ಎಲ್ಲ ಕಾದ ಕಾವಲಿಯಂತಾಗಿತ್ತು. ಹದಿನಾಲ್ಕು ವರ್ಷದ ಹಿಂದಿನ ಸುಳ್ಳಿಗಾದರೂ ಲೆನರ್ಡನ ನೆಪವಿತ್ತು. ಈಗಿನ ಸುಳ್ಳಿಗೆ ಯಾರ ನೆಪ? ಅರವತ್ತೊಂದರ ಮುದುಕಿ, ಕದ್ದು ತಿಂದ ಮಗುವಿನ ಹಾಗೆ, ನಾನು ನಾನಲ್ಲ ಎಂದುಬಿಟ್ಟಿದ್ದಳು. ಹಿಂಬಾಗಿಲಿನಿಂದ ಮನೆಗೆ ಹೋಗಿಬಿಡೋಣ ಎಂದು ಕೋಟನ್ನೂ ತೊಟ್ಟಳು. ಗುಂಡಿ ಹಾಕುವಾಗ ತನ್ನ ಮೇಲೆಯೇ ಹೇಸಿಗೆಯಾಯಿತು. ಮುಂಬಾಗಿಲಿನಿಂದಲೇ ಹೊರಬಿದ್ದಳು.

ಕೆಫೆಯ ಮೂಲೆಯಲ್ಲಿ ಇರ್ಮಾ ಕೂತಿದ್ದಳು. ಮುಂದಿದ್ದ ಗಸಗಸೆ ತುಂಬಿದ ಕೊಲಾಚಿ ಬನ್ನನ್ನು ಮುಟ್ಟಿರಲಿಲ್ಲ. ಅರ್ಡಿತ್ ಎದುರು ಕೂತಳು.

“ಅರ್ಡಿತ್ ಜೆಲೆಂಕಾ ಅಂದ್ರೆ ನಾನೇ.”

“ಗೊತ್ತು. ನಿಮ್ಮ ತಲೆ ಹಿಂದೇನೇ ಲೈಸೆನ್ಸ್ ನೇತುಹಾಕಿದ್ದೀರಿ, ಫೋಟೋ ಸಮೇತ. ಬರ್ತೀರೋ ಇಲ್ವೋ ನೋಡೋಣ ಅಂತ ಕೂತೆ.”

ಅರ್ಡಿತ್ ಮುಖ ತಗ್ಗಿಸಿದಳು. “ಬರೆಯುವಾಗ ನೀವಿದ್ದೀರಿ ಅಂತ ನನಗೆ ಗೊತ್ತಿತ್ತು. ಮರೆತು ಬರೆದದ್ದಲ್ಲ. ನಿಮ್ಮ ಹೆಸರೂ ಗೊತ್ತಿತ್ತು.” ಆಮೇಲೆ ೧೯೭೧ರ ಆ ಬೆಳಗನ್ನು, ಎಮಿಲಿ ಆಡಿದ ಮಾತನ್ನು, ತನಗೆ ನೆನಪಿದ್ದಷ್ಟನ್ನು ಹೇಳಿದಳು.

ಇರ್ಮಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಪರಿಚಾರಕಿ ಕಾಫಿ ಪಾತ್ರೆ ಹಿಡಿದು ಬಂದು, “ಏನು ಅರ್ಡಿತ್, ಬೆಳಿಗ್ಗೆ ಬೆಳಿಗ್ಗೆ ಕೆಲ್ಸ ಬಿಟ್ಟು ಹರಟೆಯಾ? ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?” ಎಂದು ನಗಾಡಿ, ಇಬ್ಬರ ಮುಖ ನೋಡಿ ತಾನಾಗಿ ಸರಿದುಹೋದಳು.

“ಕಾನೂನೇ ಕೊಡಲಿ ಅಂದ್ರಾ ಅವರು?”

“ಹೌದು.”

“ಅಂದ್ರೆ ನಿಮ್ಮನ್ನ ನಂಬಿ ಹೋದ್ರು.”

ಹೌದಲ್ಲ. ಈ ಊರಿನಲ್ಲಿ ಕಾನೂನು ಎಂದರೆ ಅರ್ಡಿತ್‌ಳ ಕೈಯ ಕಾಗದವೇ ಆಗಿತ್ತು. ಎಮಿಲಿ ಬಿಟ್ಟುಹೋದದ್ದು ಅವಳ ಕೈಯಲ್ಲಿಯೇ. ಈ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಅವಳು ಅದನ್ನು ಹಾಗೆ ಯೋಚಿಸಿರಲಿಲ್ಲ.

“ಅವರು ಸತ್ತಾಗ ನನಗೆ ನಲವತ್ನಾಲ್ಕು” ಎಂದಳು ಇರ್ಮಾ. “ಒಂದೂವರೆ ತಾಸಿನ ದಾರಿ. ಯಾರಾದ್ರೂ ಒಂದು ಮಾತು ಹೇಳಿದ್ರೆ ಅಂತ್ಯಕ್ರಿಯೆಗೆ ಬಂದು ಚರ್ಚಿನ ಹಿಂದಿನ ಬೆಂಚಲ್ಲಿ ಕೂತು ಹೋಗ್ತಿದ್ದೆ. ಯಾರಿಗೂ ಗೊತ್ತಾಗ್ತಿರಲಿಲ್ಲ.” ಅವಳು ಅಳಲಿಲ್ಲ. “ನನ್ನ ಪಾಲು ನನಗೆ ಬೇಕು. ದೊಡ್ಡ ಮನಸ್ಸು ತೋರ್ಸೋಕೆ ಬಂದಿಲ್ಲ ನಾನು. ಆದ್ರೆ ಅದಕ್ಕಿಂತ ಮುಂಚೆ ನೀವು ಬರೆದದ್ದನ್ನ ನೀವೇ ತಿದ್ದಿ ಬರೀಬೇಕು. ಅದೇ ದಫ್ತರಲ್ಲಿ.”

ಅಂದು ಸಂಜೆ ಮೈಲೋ ಎಲ್ಲವನ್ನೂ ಕೇಳಿ ತಟ್ಟೆ ಪಕ್ಕಕ್ಕೆ ತಳ್ಳಿದ. “ಕಂಪನಿ ನಿನ್ನನ್ನ ಬಿಡತ್ತಾ?” ಎಂದ. ಬಿಡಲಾರದು ಎಂದಳು. “ಲೆನರ್ಡ್?” ಎಂದ. ಅವಳು ಎದ್ದು ಹೋಗಿ, ಹಳೆಯ ಪ್ರಮಾಣ ತಿದ್ದಿ ಬರೆಯುತ್ತೇನೆಂದು ಲೆನರ್ಡನಿಗೆ ಫೋನಿನಲ್ಲಿ ಹೇಳಿದಳು.

ಲೆನರ್ಡ್ ಮರುದಿನ ತಾನೇ ಬಂದ. ಟೋಪಿ ತೆಗೆಯಲಿಲ್ಲ.

“ಹದಿನಾಲ್ಕು ವರ್ಷ ಬಾಯಿ ಮುಚ್ಕೊಂಡಿದ್ದವಳಿಗೆ ಈಗೇನು ಬಂತು? ತಪ್ಪೊಪ್ಪಿಗೆಗೆ ಪಾದ್ರಿ ಇದ್ದಾರೆ, ಅಲ್ಲಿ ಹೋಗಿ ಹೇಳ್ಕೋ. ನನ್ನ ತಾಯಿನ ಯಾಕೆ ಬೀದಿಗೆ ಎಳೀತೀಯ?”

“ನಿನ್ನ ತಾಯಿ ನನ್ನ ಹತ್ರ ಬಂದು ಕೇಳಿದ್ಲು ಲೆನರ್ಡ್. ಅವಳಿಗೆ ಏನು ಬೇಕಿತ್ತು ಅಂತ ನನಗೆ ಗೊತ್ತಿತ್ತು. ನೀನು ಕೇಳಿದಾಗ ಅದನ್ನ ನಿನಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ. ಅವಳ ಮಾನ ಹೋಗತ್ತೆ ಅಂತಲ್ಲ, ನೀನು ಬೇಜಾರು ಮಾಡ್ಕೋತೀಯ ಅಂತ.”

“ಅಮ್ಮ ಕೇಳಿದ್ಲಾ?” ಎಂದ, ಬೇರೆಯದೇ ದನಿಯಲ್ಲಿ. ಹೌದೆಂದಾಗ ಬಾಗಿಲು ತೆರೆದಿಟ್ಟೇ ಹೊರಟುಹೋದ.

ಹೊಸ ಪ್ರಮಾಣಪತ್ರವನ್ನು ಅರ್ಡಿತ್ ನಾಲ್ಕು ಸಲ ಬರೆದು ಹರಿದಳು. ಮೊದಲನೆಯದರಲ್ಲಿ ‘ಪ್ರಮಾದದಿಂದ’ ಎಂದಿತ್ತು. ಎರಡನೆಯದರಲ್ಲಿ ‘ಸಾಕಷ್ಟು ಮಾಹಿತಿ ಇಲ್ಲದೆ’. ಎಷ್ಟು ಸಲೀಸಾಗಿ ಬರುತ್ತಿವೆ ಈ ಪದಗಳು ಎಂದು ಅವಳಿಗೇ ಗಾಬರಿಯಾಯಿತು. ಐದನೆಯದರಲ್ಲಿ ಇದ್ದದ್ದು ಇಷ್ಟೇ: ‘೧೯೮೨ರಲ್ಲಿ ನಾನು ಪ್ರಮಾಣ ಮಾಡಿ ಹೇಳಿದ್ದು ಸುಳ್ಳು. ಸುಳ್ಳೆಂದು ಆಗಲೇ ನನಗೆ ತಿಳಿದಿತ್ತು. ಎಮಿಲಿ ಸೆಡ್ಲಾಚೆಕ್ ಅವರಿಗೆ ಮೂವರು ಮಕ್ಕಳು. ಹಿರಿಯಳು ಇರ್ಮಾ.’

ಅದನ್ನು ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದಳು. ನೋಂದಣಿ ಕಚೇರಿಯ ಡೆಲೋರಿಸ್ ಯಾವಾಗಿನಂತೆ, “ಬಾ ರಾಣಿ, ಇವತ್ತು ಯಾರ ಹೊಲ ಯಾರಿಗೆ ಕೊಡ್ತಿದ್ದೀಯ?” ಎಂದು ಕೈ ಚಾಚಿದಳು. ಓದುತ್ತಾ ಓದುತ್ತಾ ಅವಳ ನಗು ಮಾಯವಾಯಿತು. ಪ್ರಮಾಣ ಮಾಡಿಸುವುದೂ ಅವಳ ಕೆಲಸವೇ.

“ಬಲಗೈ ಎತ್ತು” ಎಂದಳು, ಕಣ್ಣು ತಪ್ಪಿಸಿ. “ಇದು ನಿಜ ಅಂತ ಪ್ರಮಾಣ ಮಾಡ್ತೀಯಾ?”

ಹಿಂದೆ ಸಾಲಿನಲ್ಲಿ ಮೂವರು ನಿಂತಿದ್ದರು. ಅರ್ಡಿತ್ ಕೈ ಎತ್ತಿ, ಎಲ್ಲರಿಗೂ ಕೇಳುವ ಹಾಗೆ, “ಮಾಡ್ತೀನಿ” ಎಂದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು. ಭಾನುವಾರ ಚರ್ಚಿನಲ್ಲಿ ಜನ ಅವಳಿಗೆ ಎಂದಿನಂತೆ ನಮಸ್ಕರಿಸಿದರು. ಆದರೆ ಯಾರೂ ನಿಂತು ಮಾತಾಡಲಿಲ್ಲ.

ಕಂಪನಿಯ ವಕೀಲ ಒಮಾಹಾದಿಂದ ಬಂದ. ದಾವೆ ಹೂಡುವ ಅವಧಿ ಮೀರಿದೆ ಎಂದು ವಾದ ಹೂಡಬಹುದಿತ್ತಂತೆ. ಆದರೆ ಸುಳ್ಳು ಬರೆದವಳು ತಮ್ಮದೇ ಏಜೆಂಟ್ ಎಂದ ಮೇಲೆ ಕೋರ್ಟಿನ ಮುಂದೆ ಯಾವ ಮುಖ? ಕಂಪನಿ ಇರ್ಮಾಳ ಮೂರರಲ್ಲೊಂದು ಪಾಲಿನ ಬೆಲೆ ಕೊಟ್ಟಿತು. ಅವಳು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿದಳು. ಹೊಲ ಕೊಂಡವರಿಗೆ ಒಂದಿಂಚೂ ತೊಂದರೆಯಾಗಲಿಲ್ಲ. ವಿಮೆ ಇರುವುದೇ ಅದಕ್ಕೆ. ಅರ್ಡಿತ್‌ಳ ಏಜೆನ್ಸಿ ರದ್ದಾಯಿತು. ಗೋಡೆಯ ಲೈಸೆನ್ಸನ್ನು ಅವಳೇ ಇಳಿಸಿ ಅಂಚೆಗೆ ಹಾಕಿದಳು. ಬಾತು ಬೇಟೆಯ ಕಾಲ ಬಂದಾಗ ಮೈಲೋ ಒಬ್ಬನೇ ಹೋದ. ಎರಡನೆಯ ವಾರ ಬಂದೂಕು ಒರೆಸಿ ಕಪಾಟಿನಲ್ಲಿಟ್ಟುಬಿಟ್ಟ. ಅವಳನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತು.

ನವೆಂಬರಿನ ಒಂದು ಮಧ್ಯಾಹ್ನ ಫೋನು ಬಡಿದುಕೊಂಡಿತು.

“ಇರ್ಮಾ ಮಾತಾಡ್ತಿರೋದು. ಒಂದು ಕೇಳ್ಬೇಕಿತ್ತು. ನನ್ನ ಹೆಸರು ಹೇಳುವಾಗ ಅವರು ಅತ್ರಾ?”

ಅರ್ಡಿತ್ ಫೋನನ್ನು ಬಿಗಿಯಾಗಿ ಹಿಡಿದುಕೊಂಡಳು. ಅತ್ತರು ಎನ್ನಬಹುದಿತ್ತು. ಹೇಳಿದರೆ ಯಾರಿಗೂ ನಷ್ಟವಿಲ್ಲ. ಆ ಕಡೆಯ ಒಂಟಿ ಜೀವಕ್ಕೆ ಇಷ್ಟು ಸಮಾಧಾನ.

“ಇಲ್ಲ” ಎಂದಳು. “ಅಳಲಿಲ್ಲ. ಕಿಟಕಿ ಕಡೆ ನೋಡ್ತಿದ್ರು. ಆಮೇಲೆ ಹೇಳಿದ್ರು, ಹೋದ್ರು. ಅಷ್ಟೇ ನಾನು ನೋಡಿದ್ದು.”

ಆ ಕಡೆ ಕಾಗದದ ಮೇಲೆ ಪೆನ್ನು ಓಡುವ ಸದ್ದು ಕೇಳಿಸಿತು.

“ನಿಮ್ಮನ್ನ ನಾನು ಕ್ಷಮಿಸಿಲ್ಲ” ಎಂದಳು ಇರ್ಮಾ.

“ಗೊತ್ತು.”

“ಸರಿ. ಯಾವ ಬಣ್ಣದ ಕೋಟು ಹಾಕಿದ್ರು? ನೆನಪಿದ್ರೆ ಮಾತ್ರ ಹೇಳಿ.”

ಅರ್ಡಿತ್ ಕಣ್ಣು ಮುಚ್ಚಿ, ನೆನಪು ಮಾಡಿಕೊಳ್ಳತೊಡಗಿದಳು.