ಅಮಾವಾಸ್ಯೆ ದಿನ ಎಣಿಸಿದ ಗಾಡಿಗಳು

ಬೆಳಗಾವಿಯ ರವಿವಾರ ಪೇಟೆಯ ಬಾಜುವಿಗಿರುವ ಬೆಲ್ಲದ ಗಲ್ಲಿಗೆ ಬೆಳಿಗ್ಗೆ ಲಾರಿ ಹೊಕ್ಕರೆ, ಹೊರಗೆ ಬರುವಷ್ಟರಲ್ಲಿ ಡ್ರೈವರನಿಗೆ ಗಡ್ಡ ಬೆಳೆದಿರುತ್ತದೆ. ಅಕ್ಷತೆಗೆ ಹೊರಟ ಮದುಮಗನೊಬ್ಬ ಇಲ್ಲಿ ಸಿಕ್ಕಿಹಾಕಿಕೊಂಡು, ಮಂಟಪ ಮುಟ್ಟುವಷ್ಟರಲ್ಲಿ ಬೀಗರೆಲ್ಲ ಉಂಡು ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರಂತೆ.

ಈ ಗಲ್ಲಿಯಲ್ಲಿ ಬಾಪುಸಾಹೇಬರದು ಮೂರು ತಲೆಮಾರಿನ ಬೆಲ್ಲದ ಅಂಗಡಿ. ವ್ಯಾಪಾರಿ ಸಂಘಕ್ಕೆ ಅವರೇ ಅಧ್ಯಕ್ಷರು. ಹೊಟ್ಟೆ ಅವರಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತದೆ, ಮನಸ್ಸು ಮಾತ್ರ ಬೆಲ್ಲದಷ್ಟೇ ಮೆತ್ತಗೆ. ಹಳೇ ಗಲ್ಲಿಯನ್ನು ಕೆಡವಿ ಏಳು ಅಂತಸ್ತಿನ ಮಾರುಕಟ್ಟೆ ಕಟ್ಟುತ್ತಾರೆ, ನೆಲದ ಕೆಳಗೆ ಇನ್ನೆರಡು ಅಂತಸ್ತು ತೋಡುತ್ತಾರೆ ಎಂದು ಸುದ್ದಿ ಬಂದಾಗಿನಿಂದ ಅವರ ಕಾಲು ನೆಲಕ್ಕೆ ತಾಗಿರಲಿಲ್ಲ. ಕಟ್ಟುವ ಕಂಪನಿಯವರು ಕೊಟ್ಟ ಬಣ್ಣದ ಚಿತ್ರಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದರು.

ಸೊಸೆ ಸುಹಾಸಿನಿ ಪಾಲಿಟೆಕ್ನಿಕ್‌ನಲ್ಲಿ ರಸ್ತೆ, ಕಟ್ಟಡದ ಪಾಠ ಹೇಳುವವಳು. ಆ ಚಿತ್ರವನ್ನು ಒಂದು ದಿನ ದಿಟ್ಟಿಸಿ ನೋಡಿ ಕೇಳಿದಳು.

"ಮಾವಾರ, ಇದರಾಗ ಗಿಡಾ ಅದಾವ, ಕಾರ ಅದಾವ. ನಮ್ಮ ಬೆಲ್ಲದ ಲಾರಿ ಎಲ್ಲಿ ನಿಲ್ಲತೈತಿ?"

ಬಾಪುಸಾಹೇಬರು ಚಿತ್ರವನ್ನು ಮೂಲೆಯಿಂದ ಮೂಲೆಗೆ ಹುಡುಕಿದರು. ಲಾರಿ ಸಿಗಲಿಲ್ಲ. ಕಟ್ಟುವವರು ಶಾಣ್ಯಾರಿದ್ದಾರೆ, ಎಲ್ಲೋ ಒಂದು ಕಡೆ ನಿಲ್ಲಿಸುತ್ತಾರೆ ಎಂದು ಮಾತು ಹಾರಿಸಿದರು. ಆದರೆ ಎದೆಯೊಳಗೆ ಏನೋ ಚುಚ್ಚಿತು. ಲಾರಿ ಬಾಗಿಲಿಗೆ ಬಾರದಿದ್ದರೆ ಸಗಟು ವ್ಯಾಪಾರ ಎಲ್ಲಿಯದು? ಅಜ್ಜ ಕಟ್ಟಿದ ಅಂಗಡಿ ಒಂದೇ ವರ್ಷದಲ್ಲಿ ಬಾಗಿಲು ಮುಚ್ಚುತ್ತದೆ.

ಇಂಥ ಕೆಲಸಕ್ಕೆ ಮೊದಲು ಸಂಚಾರ ಮತ್ತು ಪರಿಸರದ ವರದಿ ಬರೆಯುತ್ತಾರೆ, ಅದನ್ನು ಪಾಲಿಕೆಯಲ್ಲಿ ಯಾರು ಬೇಕಾದರೂ ಓದಬಹುದು, ಆಕ್ಷೇಪಣೆ ಕೊಡಲು ಇನ್ನು ಒಂಬತ್ತೇ ದಿನ ಉಳಿದಿವೆ ಎಂದು ಸುಹಾಸಿನಿ ಹೇಳಿದಳು. ಮರುದಿನ ಪ್ರತಿಯನ್ನೂ ತಂದಳು. ದಿಂಬಿನಷ್ಟು ದಪ್ಪ ಇತ್ತು. ಓದುವುದನ್ನು ಕೇಳಲು ಹಮಾಲ ಲಕ್ಷ್ಮಣ ಬಂದು ಕುಳಿತ. ಖಾನಾಪುರದಿಂದ ಮಣ್ಣಿನ ಗಡಿಗೆ ತಂದು ಅಂಗಡಿಯ ಕಟ್ಟೆಯ ಕೆಳಗೆ ಮಾರುವ ಅಕ್ಕವ್ವನೂ ಬಂದಳು.

ಬೆಳಿಗ್ಗೆಯಿಂದ ಸಂಜೆಯವರೆಗೆ ಗಲ್ಲಿಗೆ ಬಂದ ಲಾರಿ, ಟೆಂಪೋ ಒಟ್ಟು ನಾಲ್ಕು ಎಂದು ವರದಿಯಲ್ಲಿತ್ತು.

"ನಾಕ? ನಮ್ಮ ಟೆಂಪೋ ಖಾನಾಪುರದಿಂದ ಬೆಳಗಾವಿಗೆ ಬರಾಕ ಒಂದ ತಾಸು," ಎಂದಳು ಅಕ್ಕವ್ವ. "ಈ ಗಲ್ಲಿ ಬಾಯಾಗಿಂದ ಇಲ್ಲಿಗೆ ಬರಾಕ ಎರಡ ತಾಸು. ಎಣಿಸಿದಾಂವ ಕಣ್ಣ ಮನ್ಯಾಗ ಇಟ್ಟ ಬಂದಿದ್ದನೇನ?"

ಸುಹಾಸಿನಿ ಎಣಿಕೆಯ ತಾರೀಖು ಓದಿದಳು. ಲಕ್ಷ್ಮಣ ಬೆರಳು ಮಡಚಿ ಲೆಕ್ಕ ಹಾಕಿದ.

"ಅವತ್ತ ಯುಗಾದಿ ಅಮಾಸಿ ಅಲ್ರಿ ಸಾವಕಾರ್ರ? ಅಮಾಸಿಗೆ ಹಮಾಲರ ಸೂಟಿ. ಗಲ್ಲಿನ ಬಂದ ಇತ್ತು."

ಬಾಪುಸಾಹೇಬರ ಮುಖ ನೆನೆದ ಬೆಲ್ಲದಂತಾಯಿತು. ಎಣಿಸುವವರು ಬರುವ ಮುಂಚೆ ಅಧ್ಯಕ್ಷರನ್ನೇ ದಿನ ಕೇಳಿದ್ದರು. ದಿನ ಕೊಟ್ಟವರು ಇವರೇ.

"ಪರಊರ ಮಂದಿ, ಗದ್ದಲದಾಗ ತ್ರಾಸ ಆಗಬಾರದು, ಆರಾಮ ಕುಂತ ಎಣಿಸಲಿ ಅಂತ ಅಮಾಸಿಗೆ ಬರ್ರಿ ಅಂದೆ," ಎಂದರು ಮೆಲ್ಲಗೆ. "ಎರಡ ಸಲ ಚಹಾನೂ ಕುಡಿಸಿದೆ."

ಅಕ್ಕವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ನಗುವಿಗೆ ಮೂರು ಗಡಿಗೆ ಬಿರುಕು ಬಿಟ್ಟವು.

ವರದಿಯಲ್ಲಿ ಇನ್ನೂ ಇತ್ತು. ಮಳೆನೀರಿಗೆ ಏನೂ ತೊಂದರೆ ಇಲ್ಲ, ಸುತ್ತ ಬಾವಿ ಇಲ್ಲ ಎಂದು ಬರೆದಿದ್ದರು. ಗಲ್ಲಿಯ ಮಳೆನೀರೆಲ್ಲ ಇಳಿಯುವುದೇ ಹಳೇ ಬಾವಿಗೆ. ಹಮಾಲರು ಅದರ ಚಪ್ಪಡಿಯ ಮೇಲೆ ಚೀಲ ಒಟ್ಟುವುದರಿಂದ ಅದು ವರದಿ ಬರೆದವರ ಕಣ್ಣಿಗೆ ಬಿದ್ದಿರಲಿಲ್ಲ. ಎರಡು ಅಂತಸ್ತು ತೋಡಿದರೆ ಬಾವಿ ಹೋಗುತ್ತದೆ, ನೀರು ನೇರ ಅಂಗಡಿಯೊಳಗೆ ಬರುತ್ತದೆ. ಬೆಲ್ಲವೆಲ್ಲ ಪಾನಕ.

ಆದರೂ ಬಾಪುಸಾಹೇಬರು ಹಿಂಜರಿದರು. ಆಕ್ಷೇಪಣೆ ಕೊಟ್ಟರೆ ಮಾರುಕಟ್ಟೆಯೇ ನಿಂತುಹೋದೀತು, ಅಧ್ಯಕ್ಷನೇ ಅಡ್ಡಗಾಲು ಹಾಕಿದ ಎಂದು ಜನ ಆಡಿಕೊಂಡಾರು.

"ಕಟ್ಟಬ್ಯಾಡ್ರಿ ಅನ್ನೂದಲ್ಲರಿ ಮಾವಾರ," ಎಂದಳು ಸುಹಾಸಿನಿ. "ಖರೇ ಎಣಿಸಿ, ಖರೇ ನೋಡಿ ಕಟ್ರಿ ಅನ್ನೂಣು."

ಆ ವಾರ ಎರಡು ದಿನ ಗಲ್ಲಿಯವರೇ ಎಣಿಕೆಗೆ ಕುಳಿತರು. ಅಕ್ಕವ್ವ ಮೂರು ಗಡಿಗೆ ಇಟ್ಟಳು. ಲಾರಿಗೊಂದು, ಟೆಂಪೋಕ್ಕೊಂದು, ಕೈಗಾಡಿಗೊಂದು. ಗಾಡಿ ಬಂದಂತೆ ಹುಣಸೆಬೀಜ ಹಾಕುತ್ತ ಹೋದಳು. ಸುಹಾಸಿನಿ ಹೊತ್ತು ಬರೆದು ಫೋಟೋ ಹಿಡಿದಳು. ಸಂಜೆ, ಜೈನರಾದ ಬಾಪುಸಾಹೇಬರ ಮನೆಯವರು ಹೊತ್ತು ಮುಳುಗುವ ಮುಂಚೆ ಉಣ್ಣುವುದನ್ನೂ ಮರೆತು ಬೀಜ ಸುರಿದುಕೊಂಡು ಕುಳಿತರು. ಒಂದೇ ದಿನಕ್ಕೆ ಲಾರಿ, ಟೆಂಪೋ ಸೇರಿ ನೂರಾ ತೊಂಬತ್ತಾರು. ಕೈಗಾಡಿ ಇನ್ನೂರು ದಾಟಿತ್ತು. ಬೇರೆ ಮಾತು ಹೇಗೇ ಇರಲಿ, ಇದರಲ್ಲಿ ಒಂದು ಬೀಜವೂ ಹೆಚ್ಚಿಗೆ ಹೇಳಿಲ್ಲ.

ಎಲ್ಲ ಬರೆದು, ನಲವತ್ತು ಜನರ ಸಹಿ ಮಾಡಿಸಿ, ಗಡುವಿಗೆ ಎರಡು ದಿನ ಮೊದಲೇ ಪಾಲಿಕೆಗೆ ಕೊಟ್ಟು ಸ್ವೀಕೃತಿ ಪಡೆದರು.

ಅಹವಾಲು ಕೇಳುವ ದಿನ ಕಂಪನಿಯ ಎಂಜಿನಿಯರ್ ಎದ್ದು, ತಮ್ಮ ಎಣಿಕೆ ನಿಯಮದಂತೆಯೇ ಆಗಿದೆ, ಗಲ್ಲಿ ಬಂದ್ ಆಗಿತ್ತು ಎನ್ನಲು ಸಾಕ್ಷಿ ಏನು ಎಂದ. ಸುಹಾಸಿನಿ ಮಾವನತ್ತ ನೋಡಿದಳು. ಸಭೆಯಲ್ಲಿ ಪೇಟೆಯ ಅರ್ಧ ಜನ ಕುಳಿತಿದ್ದರು. ಬಾಯಿ ಬಿಟ್ಟರೆ ಮೂರು ತಲೆಮಾರಿನ ಮರ್ಯಾದೆ ಹೋಗುತ್ತದೆ, ಬಿಡದಿದ್ದರೆ ಅಂಗಡಿ. ಬಾಪುಸಾಹೇಬರು ಟೋಪಿ ಸರಿಮಾಡಿಕೊಂಡು ಎದ್ದರು.

"ಸಾಹೇಬರ, ಸಾಕ್ಷಿ ನಾನ. ಆ ದಿನಾ ಕೊಟ್ಟಾಂವನೂ ನಾನ. ತಪ್ಪ ನಂದು. ಅಮಾಸಿ ದಿನ ನಮ್ಮ ಗಲ್ಲ್ಯಾಗ ಬೆಕ್ಕ ಸುದ್ದಾ ಅಡ್ಡ ಬರೂದಿಲ್ಲ."

ಸಭೆ ಬಿದ್ದು ಬಿದ್ದು ನಕ್ಕಿತು. ಅಹವಾಲು ಕೇಳುತ್ತಿದ್ದ ಪಾಲಿಕೆಯ ಅಧಿಕಾರಿಯೂ ನಕ್ಕರು. ನಕ್ಕು, ಹೊಸದಾಗಿ ಎಣಿಸಬೇಕು, ಸಂತೆಯ ದಿನವೂ ನೋಡಬೇಕು, ಮಳೆಯಲ್ಲೂ ನೋಡಬೇಕು ಎಂದು ಬರೆಸಿದರು.

ದೀಪಾವಳಿಯ ಹೊತ್ತಿಗೆ ಹೊಸ ನಕ್ಷೆ ಬಂತು. ಲಾರಿ ನಿಲ್ಲಲು ಹಿಂದಿನ ರಸ್ತೆಗೆ ಅಂಗಳ, ಕೆಳಗೆ ಒಂದೇ ಅಂತಸ್ತು, ಬಾವಿ ಇದ್ದಲ್ಲಿಯೇ. ಹಮಾಲರು ಬಾಪುಸಾಹೇಬರನ್ನು ಕೈಗಾಡಿಯ ಮೇಲೆ ಕೂರಿಸಿ, ಗುಲಾಲು ಎರಚಿ, ಪೇಟೆಯ ತುಂಬ ಮೆರೆಸಿದರು. ಒಂದು ಗಾಲಿ ಸೊಟ್ಟಗಾಯಿತು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಅವ್ವಗಳಿರಾ, ಅಣ್ಣಗಳಿರಾ, ನಿಮ್ಮ ಓಣಿಗೂ ಹೊಸ ರಸ್ತೆ, ಹೊಸ ಕಟ್ಟಡ ಬಂದೀತು. ಬರಲಿ. ಆದರೆ ಚಿತ್ರ ನೋಡಿ ಕುಣಿಯುವ ಮುಂಚೆ ವರದಿ ಕೇಳಿ. ಓದಲು ಬಾರದಿದ್ದರೆ ಓದಿಸಿಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಯಾವ ದಿನ ಎಣಿಸಿದರು, ಗಿಡ ಎಷ್ಟು ಕಡಿಯುತ್ತಾರೆ, ಮಳೆನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ತಪ್ಪಿದ್ದರೆ ಗಡುವಿನೊಳಗೆ ಬರೆದು ಕೊಡಿ, ಅಹವಾಲಿನ ದಿನ ತಪ್ಪದೆ ಹೋಗಿ. ನಿಮ್ಮ ಓಣಿಯನ್ನು ನಿಮಗಿಂತ ಚೆನ್ನಾಗಿ ಬಲ್ಲ ಎಂಜಿನಿಯರ್ ಇನ್ನೂ ಹುಟ್ಟಿಲ್ಲ.