ಲೋಟಗಳ ಸಾಲಿನ ಕೊನೆಯ ಸರೋವರ

ಮೈಲಾಪೂರಿನ ಗುಡಿಯ ಹಿಂದಿನ ಬೀದಿಯಲ್ಲಿ ಸುಬ್ರಾಯರ ಹೋಟೆಲಿನ ಒಲೆ ನಾಲ್ಕು ದಿನ ಉರಿಯುವುದಿಲ್ಲವೆಂದರೆ ಬೀದಿಯವರು ಯಾರೂ ನಂಬಲಿಲ್ಲ. ಆದರೆ ಅಡುಗೆಮನೆಯ ನೆಲ ಸವೆದು, ಎಣ್ಣೆ ಕುಡಿದು, ಕಾಲಿಟ್ಟಲ್ಲಿ ಜಾರುತ್ತಿತ್ತು. ಅಡುಗೆಯ ಮೋನಪ್ಪ ಸಾಂಬಾರಿನ ಪಾತ್ರೆಯ ಸಮೇತ ಬಿದ್ದು ಎದ್ದ ಮೇಲೆ ಹೊಸ ನೆಲ ಹಾಕಿಸದೆ ಗತಿಯಿರಲಿಲ್ಲ. ಹಾಕಿದ ಮೇಲೆ ನಾಲ್ಕು ದಿನ ಯಾರೂ ತುಳಿಯಕೂಡದು ಎಂದ ಮೇಸ್ತ್ರಿ.

ಎಲ್ಲಿಗಾದರೂ ಹೋಗಿ ಬರುವ ಎಂದು ಮಾತು ತೆಗೆದವರು ಸುಬ್ರಾಯರೇ. ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದ ಅವರ ಹೆಂಡತಿ ಸರಸ, ಎಷ್ಟೋ ಕಾಲದಿಂದ ನಾಲಗೆಯ ತುದಿಯಲ್ಲೇ ಇಟ್ಟುಕೊಂಡಿದ್ದವಳಂತೆ, ಕೂನೂರಿನ ಬೆಟ್ಟದಿಂದ ಹೊರಟು ಕೊಡೈಕೆನಾಲಿನ ಕೆರೆಯ ತನಕ ರಸ್ತೆಯಲ್ಲೇ ಹೋಗಬೇಕು ಎಂದಳು. ದಿನಾ ಕಾಫಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರು ಆ ದಾರಿಯನ್ನು ವರ್ಣಿಸಿದ್ದರು. ಚಹಾ ತೋಟಗಳ ನಡುವೆ ಇಳಿಯುವುದಂತೆ, ಪೊಳ್ಳಾಚಿಯ ತೆಂಗಿನ ನೆರಳಲ್ಲಿ ಹಾಯುವುದಂತೆ, ಬಯಲು ತುಂಬ ಗಾಳಿಯಂತ್ರಗಳಂತೆ, ಆಮೇಲೆ ಪಳನಿಯ ಹಿಂದಿನ ಬೆಟ್ಟವನ್ನು ಸುತ್ತಿ ಸುತ್ತಿ ಹತ್ತಿದರೆ ಮೇಲೆ ಆಕಾಶದಷ್ಟೇ ನೀಲಿಯ ಕೆರೆಯಂತೆ. ಚಟ್ನಿ ಬಡಿಸುವ ಕಿಂಡಿಯಲ್ಲಿ ನಿಂತು ಸರಸ ಅದನ್ನು ಕೇಳಿಸಿಕೊಂಡಿದ್ದಳು.

ಸುಬ್ರಾಯರು ತಲೆಯಾಡಿಸಿದರು. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಬಾಗಿಲು ಅರ್ಧ ಎಳೆದ ಹೊತ್ತಿಗೆ ಮೂರು ಲೋಟ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೊದಲನೆಯದು ಕೂನೂರು, ಅಲ್ಲಿ ತಮ್ಮನ ಹೋಟೆಲು. ಎರಡನೆಯದು ಪೊಳ್ಳಾಚಿ, ಅಕ್ಕನ ಮನೆಯವರದು. ಮೂರನೆಯದು ಪಳನಿ, ಸೋದರಳಿಯನದು. ಒಂದೊಂದು ಕಡೆ ಒಂದೊಂದು ದಿನ ಇದ್ದು, ಪಳನಿಯಿಂದ ರೈಲು ಹತ್ತಿ ವಾಪಸು ಎಗ್ಮೋರ್ ಸ್ಟೇಷನ್ನಿನಲ್ಲಿ ಇಳಿಯುವುದು.

“ಕೆರೆ ಎಲ್ಲಿ?” ಎಂದಳು ಸರಸ.

“ಕೊಡೈಯಲ್ಲಿ ನಮ್ಮವರು ಯಾರುಂಟು ಮಾರಾಯ್ತಿ? ಅಲ್ಲಿ ಹೋಗಿ ಎಂತ ಮಾಡುವುದು?”

ಪೆರುಂಗುಡಿಯ ಆಫೀಸಿಗೆ ರಜೆ ಹಾಕಿದ್ದ ಮಗಳು ವೀಕ್ಷಾ ಲೋಟಗಳನ್ನು ನೋಡಿ ನಕ್ಕಳು. “ಅಪ್ಪಾ, ಇದು ಟ್ರಿಪ್ಪಾ, ಇಲ್ಲ ಹೋಟೆಲ್ ಇನ್‌ಸ್ಪೆಕ್ಷನ್ನಾ? ರೊಂಬ ಮೋಸಂ, ತೀರಾ ಕೆಟ್ಟದು.”

ಸುಬ್ರಾಯರದೂ ತಪ್ಪಲ್ಲ. ಹೋಟೆಲಿನವರಲ್ಲಿ ಒಂದು ರೂಢಿಯಿದೆ. ನಮ್ಮವರ ಹೋಟೆಲಿನ ಮುಂದೆ ಹಾದು ಹೋಗುವವರು ಒಂದು ಕಾಫಿಯನ್ನೂ ಕುಡಿಯದೆ ಹೋದರೆ ಅದು ದೊಡ್ಡ ಅವಮಾನ. ಒಳಗೆ ಹೋದರೂ ಗಿರಾಕಿಗಳ ಮೇಜಿನಲ್ಲಿ ಕೂರುವಂತಿಲ್ಲ, ನಾವೇನು ಹೊರಗಿನವರಾ ಎಂಬ ಮಾತು ಬರುತ್ತದೆ. ಗಂಡಸರು ಗಲ್ಲಾದ ಪಕ್ಕದ ಕುರ್ಚಿಗೆ, ಹೆಂಗಸರು ಹಿಂಬಾಗಿಲಿನಿಂದ ಅಡುಗೆಮನೆಗೆ. ಅಡುಗೆಮನೆಗೆ ಹೋದ ಹೆಂಗಸು ಕೈಕಟ್ಟಿ ನಿಲ್ಲುತ್ತಾಳೆಯೇ? “ಸರಸಕ್ಕ ಬಂದದ್ದು ಒಳ್ಳೆದಾಯ್ತು” ಎಂದು ಯಾರೋ ಅನ್ನುವುದರೊಳಗೆ ಇವಳೇ ಸೆರಗು ಸಿಕ್ಕಿಸಿ ತೆಂಗಿನಕಾಯಿ ತುರಿಯಲು ಕೂತಿರುತ್ತಾಳೆ.

ಕೂನೂರಿಗೆ ಅವಳು ಹಿಂದೆಯೂ ಹೋಗಿದ್ದಳು. ಇದ್ದಷ್ಟು ದಿನವೂ ಅಲ್ಲಿನ ಚಳಿಗೆ ಇಡ್ಲಿ ಹಿಟ್ಟು ಉಬ್ಬದೆ, ಹಿಟ್ಟಿನ ಪಾತ್ರೆಗೆ ಕಂಬಳಿ ಹೊದಿಸಿ, ಬಿಸಿನೀರಿನ ಹಬೆ ಕೊಟ್ಟು, ಮಗುವಿನ ಹಾಗೆ ಕಾದಿದ್ದಳು. ಆ ಅಡುಗೆಮನೆಗೊಂದು ಕಿಟಕಿಯಿತ್ತು. ಅದರ ಗಾಜು ಹಬೆ ಕುಳಿತು ಬೆಳ್ಳಗಾಗಿತ್ತು. ವಾಪಸು ಬಂದಾಗ ಕೂನೂರು ಹೇಗಿತ್ತೆಂದು ಮೋನಪ್ಪ ಕೇಳಿದ್ದಕ್ಕೆ ಅವಳ ಬಾಯಿಂದ ಬಂದದ್ದು ಒಂದೇ ಮಾತು: “ಹಿಟ್ಟು ಹುಳಿ ಬರ್ಲಿಲ್ಲ.” ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಆದರೆ ಒಂದು ಬೆಟ್ಟದ ಮೇಲೆ ಇದ್ದು ಬಂದು ಹೇಳಲಿಕ್ಕೆ ಹಿಟ್ಟಿನ ಸುದ್ದಿ ಬಿಟ್ಟು ಬೇರೇನೂ ಇಲ್ಲವಲ್ಲ ಎಂದು ಆಮೇಲೆ ಬಹಳ ಸಲ ಅನಿಸಿತ್ತು. ಮೊಣಕಾಲು ಈಗಾಗಲೇ ಮಾತು ಕೇಳುತ್ತಿರಲಿಲ್ಲ. ಒಲೆ ಇನ್ನೊಮ್ಮೆ ಆರುವ ಹೊತ್ತಿಗೆ ತಾನು ಹೇಗಿರುತ್ತೇನೋ ಯಾರಿಗೆ ಗೊತ್ತು.

ಮರುದಿನ ಬೆಳಗ್ಗೆ ಕಾಯಿ ತುರಿಯುತ್ತಿದ್ದಾಗ ಅವಳಿಗೆ ಹೊಳೆಯಿತು. ಇದೇ ಹೊತ್ತಿಗೆ ಕೂನೂರಿನಲ್ಲಿ ವಾರಗಿತ್ತಿ ರತ್ನಾವತಿಯೂ ಕಾಯಿ ತುರಿಯುತ್ತಿರುತ್ತಾಳೆ. ಅವಳಾದರೂ ಆ ಕೆರೆ ನೋಡಿದ್ದಾಳೆಯೇ? ಕೈ ಒರೆಸಿಕೊಂಡು ಫೋನ್ ಮಾಡಿದಳು. ಊರಿನ ಪಾರ್ಕಿನ ಹೂವನ್ನೇ ನೋಡದೆ ಎಷ್ಟು ವರ್ಷವಾಯಿತೋ, ಕೆರೆಯ ಮಾತು ಎಲ್ಲಿ ಬಂತು ಸರಸಕ್ಕ ಎಂದಳು ರತ್ನಾವತಿ. ಮುಂದಿನ ಫೋನ್ ಪಳನಿಗೆ. ಸೋದರಳಿಯನ ಹೆಂಡತಿ ಪ್ರಣಮ್ಯಾ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ. ಹೋಟೆಲಿನ ಹಿತ್ತಿಲಲ್ಲಿ ನಿಂತರೆ ಕೊಡೈ ಬೆಟ್ಟ ಕಾಣುತ್ತದೆ, ಮೋಡ ಬಂದದ್ದು ಹೋದದ್ದು ಎಲ್ಲ ಗೊತ್ತು, ಹತ್ತಿದ್ದು ಮಾತ್ರ ಇಲ್ಲ ಎಂದಳು. ಉಳಿದವರು ಪೊಳ್ಳಾಚಿಯ ಅತ್ತಿಗೆ, ಗಂಡನ ಅಕ್ಕ. ಅವರೆಂದರೆ ಸುಬ್ರಾಯರಿಗೂ ಹೆದರಿಕೆ. ಸರಸ ಹೇಳಿದ್ದನ್ನೆಲ್ಲ ಕೇಳಿ, “ನೋಡುವ” ಎಂದಷ್ಟೇ ಹೇಳಿ ಫೋನ್ ಇಟ್ಟರು.

ಮಧ್ಯಾಹ್ನ ಸರಸ ತಾನೇ ಮೂರು ಲೋಟಗಳನ್ನು ತಂದು, ಗಂಡ ಇಟ್ಟಿದ್ದ ಹಾಗೆಯೇ ಇಟ್ಟಳು.

“ನಿಮ್ಮ ಸಾಲು ಹೀಗೇ ಇರಲಿ. ಎಲ್ಲರ ಹೋಟೆಲಿನಲ್ಲೂ ನಿಲ್ಲಿಸುವ, ಕಾಫಿ ಕುಡಿಯುವ. ಆದ್ರೆ ಮುಂಬಾಗಿಲಲ್ಲಿ. ನಾನು ಒಳಗೆ ಹೋಗುವುದಿಲ್ಲ, ಒಳಗಿನವರು ಹೊರಗೆ ಬಂದು ಗಾಡಿ ಹತ್ತುತ್ತಾರೆ.”

ಆಮೇಲೆ ಕಾಫಿ ಆರಿಸುವ ಅಗಲ ಬಾಯಿಯ ಒಂದು ಡಬರಾದ ತುಂಬ ನೀರು ತಂದು, ಚೆಲ್ಲದ ಹಾಗೆ, ಸಾಲಿನ ಕೊನೆಗೆ ಇಟ್ಟಳು.

ಸುಬ್ರಾಯರು ನೀರನ್ನೇ ನೋಡಿದರು. ಅವರವರ ಗಂಡಂದಿರು ತನ್ನನ್ನು ಸುಮ್ಮನೆ ಬಿಡುತ್ತಾರೆಯೇ ಎಂದು ಗೊಣಗಿದರು.

“ನಮ್ಮಲ್ಲಿ ನಾಲ್ಕು ದಿನ ಒಲೆಯೇ ಇಲ್ಲ. ಅವರಲ್ಲಿ ಎರಡು ದಿನ ಹೆಂಡತಿ ಇಲ್ಲ. ಯಾರಿಗೆ ಕಷ್ಟ ಹೆಚ್ಚು ಹೇಳಿ ಇವ್ರೇ.”

ವೀಕ್ಷಾ ಅಷ್ಟರಲ್ಲೇ ಫೋನಿನಲ್ಲಿ ವ್ಯಾನು ಹುಡುಕತೊಡಗಿದ್ದಳು. ಕೂನೂರಿಗೂ ಕೊಡೈಗೂ ಇ-ಪಾಸ್ ಬೇಕಂತೆ, ಎಷ್ಟು ಜನ ಎಂದು ಕೇಳಿದಳು. ಅತ್ತಿಗೆಯ ಹೆಸರನ್ನೂ ಸೇರಿಸು ಎಂದಳು ಸರಸ.

ನೆಲ ಹಾಕಿಸಿ ಹೊರಟು ಕೂನೂರು ಸೇರಿದ ರಾತ್ರಿ ಮೂವರೂ ವೀಕ್ಷಾ ಗೊತ್ತುಮಾಡಿದ್ದ ಲಾಡ್ಜಿನಲ್ಲಿ ಉಳಿದರು. ಮರುದಿನ ಬೆಳಕು ಹರಿಯುವಾಗ ವ್ಯಾನಿನ ಡ್ರೈವರ್ ನಂಜುಂಡ ಮೈದುನನ ಹೋಟೆಲಿನ ಎದುರು ಹಾರ್ನ್ ಹೊಡೆದ. ಆ ಬೆಟ್ಟದ ಬಡಗರವನು, ಇವರ ಕನ್ನಡ ಅರ್ಧಕ್ಕರ್ಧ ತಿಳಿಯುತ್ತಿತ್ತು. ಮೈದುನ ಓಡಿ ಬಂದು, ಒಳಗೆ ಬನ್ನಿ ಅತ್ತಿಗೆ, ಹಿಂದಿನಿಂದ ಬನ್ನಿ ಎಂದು ಸರಸಳನ್ನು ಕರೆದ. ಒಳಗಿಂದ ಹಬೆಯ ವಾಸನೆ ಬಂತು, ಸರಸಳ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಅದನ್ನು ಕಂಡ ರತ್ನಾವತಿ ಬ್ಯಾಗನ್ನು ಅವಳ ಮಡಿಲಿಗೆ ಹಾಕಿ, ಪಕ್ಕದಲ್ಲಿ ಹತ್ತಿ ಕೂತು ಬಾಗಿಲು ಎಳೆದುಕೊಂಡಳು. ಕಾಫಿ ಕಿಟಕಿಯಿಂದ ಒಳಗೆ ಬಂತು.

ಇಳಿಜಾರಿನ ತಿರುವುಗಳಲ್ಲಿ ಚಹಾ ತೋಟ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಂದು ಬಂದು ಹೋಯಿತು. ಕಿಟಕಿಯ ಗಾಜಿನ ಮೇಲೆ ಮಂಜು ಕೂತಾಗಲೆಲ್ಲ ಸರಸ ಅಂಗೈಯಿಂದ ಒರೆಸಿದಳು. ಬಯಲಿಗಿಳಿದ ಮೇಲೆ ಬಿಸಿಲು ಏರಿತು. ಪೊಳ್ಳಾಚಿ ಹತ್ತಿರವಾಗುತ್ತಿತ್ತು. ಅತ್ತಿಗೆ ಹಿಂಬಾಗಿಲಲ್ಲಿ ನಿಂತು ಒಳಗೆ ಬಾ ಎಂದು ಒಂದು ಸಲ ಕರೆದರೆ ತಾನು ಇಲ್ಲವೆನ್ನಲಾರೆ ಎಂದು ಸರಸಳಿಗೆ ಗೊತ್ತಿತ್ತು. ಹೋದರೆ ಊಟ, ಊಟವಾದರೆ ರಾತ್ರಿ, ಮತ್ತೆ ಪಳನಿಯ ರೈಲೇ ಗತಿ.

ಹೋಟೆಲಿನ ಹಿಂಬಾಗಿಲಲ್ಲಿ ಯಾರೂ ಇರಲಿಲ್ಲ. ಮುಂಬಾಗಿಲ ಮೆಟ್ಟಿಲ ಮೇಲೆ, ಆ ಉರಿಬಿಸಿಲಿನಲ್ಲಿ, ಅತ್ತಿಗೆ ಕತ್ತಿನ ತನಕ ಸ್ವೆಟರಿನ ಗುಂಡಿ ಹಾಕಿಕೊಂಡು, ತಲೆಗೆ ಮಫ್ಲರ್ ಸುತ್ತಿಕೊಂಡು, ಬೆವರು ಸುರಿಸುತ್ತ ನಿಂತಿದ್ದರು.

“ಎಷ್ಟು ಹೊತ್ತು ನಿಲ್ಲಿಸುವುದು? ಬೆಳಗ್ಗೆಯಿಂದ ಇದನ್ನು ಹಾಕ್ಕೊಂಡಿದ್ದೇನೆ. ಸುಬ್ಬಾ, ಆ ಬ್ಯಾಗ್ ಹಿಡಿ.”

ಸುಬ್ರಾಯರು ಬ್ಯಾಗು ಹಿಡಿದರು. ವ್ಯಾನಿನೊಳಗೆ ಎದ್ದ ನಗು ಗಾಳಿಯಂತ್ರಗಳ ಬಯಲು ದಾಟುವ ತನಕವೂ ಪೂರ್ತಿ ಇಳಿಯಲಿಲ್ಲ. ಪಳನಿಯಲ್ಲಿ ಪ್ರಣಮ್ಯಾ ವ್ಯಾನು ನಿಲ್ಲುವ ಮೊದಲೇ ಓಡಿ ಬಂದಳು. ಅವಳ ಗಂಡ ಕೈಯಲ್ಲಿ ಸಟ್ಟುಗ ಹಿಡಿದು, ಚಟ್ನಿಗೆ ಹಸಿಮೆಣಸು ಎಷ್ಟು ಎಂದು ಬೀದಿಯಿಂದಲೇ ಕೇಳಿದ. ರುಚಿ ನೋಡಿ ಹಾಕು ಎಂದರು ನಾಲ್ವರೂ ಒಟ್ಟಿಗೆ.

ಬೆಟ್ಟ ಹತ್ತತೊಡಗಿದ ಮೇಲೆ ಎಲ್ಲರ ಮುಖವೂ ಕಿಟಕಿಗೆ ಅಂಟಿತು. ಮೋಡ ಕೆಳಗಾಯಿತು, ಪಳನಿ ತಟ್ಟೆಯಷ್ಟಾಯಿತು, ಕೊನೆಯ ತಿರುವಿನಾಚೆ ಮರಗಳ ಸಂದಿಯಲ್ಲಿ ನೀರು ಹೊಳೆಯಿತು.

ಸಂಜೆಯ ಬಿಸಿಲು ಇನ್ನೂ ಕೆರೆಯ ಮೇಲಿತ್ತು. ನಾಲ್ವರು ಹೆಂಗಸರು ದಂಡೆಯ ಕಟ್ಟೆಯ ಮೇಲೆ ಸಾಲಾಗಿ ಕೂತರು. ವೀಕ್ಷಾ ದೋಣಿಯ ಟಿಕೆಟಿಗೆ ಹೋದಳು. ಸುಬ್ರಾಯರು ಎದುರಿನ ಅಂಗಡಿಯಿಂದ ಕಾಫಿ ತಂದರು, ಹಳೆಯ ಅಭ್ಯಾಸದಂತೆ ಎಲ್ಲ ಲೋಟಗಳನ್ನೂ ಒಂದೇ ಕೈಯ ಬೆರಳುಗಳಲ್ಲಿ ಸಿಕ್ಕಿಸಿಕೊಂಡು. ಸಕ್ಕರೆ ಕಡಿಮೆ ಎಂದು ಅತ್ತಿಗೆ ಅವರನ್ನು ಮತ್ತೊಮ್ಮೆ ಕಳಿಸಿದರು.

ಆಗಲೇ ಮೋನಪ್ಪನ ಫೋನ್ ಬಂತು. ನೆಲ ಚೆನ್ನಾಗಿ ಒಣಗುತ್ತಿದೆ ಎಂದ. ಆಮೇಲೆ, ನಗುವನ್ನು ತಡೆದುಕೊಂಡು, ಕೆರೆ ಹೇಗುಂಟು ಸರಸಕ್ಕ ಎಂದು ಕೇಳಿದ.

“ಹೇಳ್ಲಿಕ್ಕೆ ಈಗ ಪುರ್ಸೊತ್ತಿಲ್ಲ ಮೋನಪ್ಪ,” ಎಂದಳು ಸರಸ. “ನೋಡ್ತಾ ಇದ್ದೇನೆ.”