ಬೀರವ್ವನ ಕುರಿ

‘ಕಾದಂಬರಿ ಮುಗಿದಿದೆ, ಶುದ್ಧ ಪ್ರತಿ ಮಾಡುವುದಷ್ಟೇ ಬಾಕಿ’ ಎಂದು ಸುಮಿತ್ರಾಬಾಯಿ ಹುಬ್ಬಳ್ಳಿಯ ಪ್ರಕಾಶಕರಿಗೆ ಬರೆದು ಹಾಕಿದಾಗ ಅವಳ ಹತ್ತಿರ ಇದ್ದದ್ದು ಮೂರೇ ಅಧ್ಯಾಯ. ಅದರಲ್ಲೂ ಮೂರನೆಯದು ಅರ್ಧಕ್ಕೇ ನಿಂತಿತ್ತು.

ಪ್ರಕಾಶಕ ಶಿವಶರಣಪ್ಪನವರು ಚಂದಾದಾರರಿಗೆ ತಿಂಗಳಿಗೊಂದು ಕಾದಂಬರಿ ಕಳಿಸುತ್ತಿದ್ದರು. ಎಪ್ಪತ್ನಾಲ್ಕರ ಜೂನ್ ತಿಂಗಳಿಗೆ ಬರೆಯಬೇಕಾಗಿದ್ದವರು ಕಾಯಿಲೆ ಬಿದ್ದರು. ವಾರಪತ್ರಿಕೆಯಲ್ಲಿ ಸುಮಿತ್ರಾಬಾಯಿಯ ನಾಲ್ಕಾರು ಕತೆ ಓದಿದ್ದ ಅವರು ‘ನಿಮ್ಮಲ್ಲಿ ಕಾದಂಬರಿ ಏನಾದರೂ ತಯಾರಿದೆಯೇ?’ ಎಂದು ಕೇಳಿದ್ದರು. ಇಂಥದೊಂದು ಪ್ರಶ್ನೆಗಾಗಿ ಅವಳು ಮದುವೆಯಾದಾಗಿನಿಂದ ಕಾದಿದ್ದಳು. ಇಲ್ಲವೆಂದರೆ ಮತ್ತೆ ಯಾರೂ ಕೇಳುವುದಿಲ್ಲ ಎಂಬ ಹೆದರಿಕೆಯಲ್ಲಿ ಕೈ ತಾನೇ ಸುಳ್ಳು ಬರೆಯಿತು. ತಿರುಗಿ ಉತ್ತರ ಬಂತು: ಮೇ ಇಪ್ಪತ್ತರೊಳಗೆ ಪ್ರತಿ ನನ್ನ ಕೈಸೇರಲಿ, ನಿಮ್ಮ ಹೆಸರು ಈಗಾಗಲೇ ಪ್ರಕಟಿಸಿದ್ದೇನೆ.

ಆ ಕಾಗದ ಓದಿದ ದಿನ ಅವಳಿಗೆ ಊಟ ಸೇರಲಿಲ್ಲ.

ಸೊಲ್ಲಾಪುರದ ಆ ಮನೆಯಲ್ಲಿ ಮಾತು ಕನ್ನಡ, ಉಳಿದದ್ದೆಲ್ಲ ಮರಾಠಿ. ಗಂಡ ಚನ್ನವೀರಪ್ಪನ ಚಾದರದ ಅಂಗಡಿಯ ಲೆಕ್ಕ ಮರಾಠಿ, ಬೆಳಗಿನ ಪೇಪರು ಮರಾಠಿ, ಮಕ್ಕಳ ಸಾಲೆ ಮರಾಠಿ. ಅವಳು ಬರೆದದ್ದನ್ನು ಓದಬಲ್ಲವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಇಷ್ಟು ದಿನ ಅದೊಂದು ಅನುಕೂಲವೇ ಆಗಿತ್ತು. ಏನು ಬರೆದರೂ ಯಾರೂ ಕೇಳುತ್ತಿರಲಿಲ್ಲ. ಈಗ, ಇದು ಸರಿಯಾಗಿದೆಯೇ, ಇದನ್ನು ನಾಲ್ಕು ಜನ ಓದಬಹುದೇ ಎಂದು ಕೇಳಬೇಕೆನಿಸಿದರೆ ಕೇಳಲು ಒಂದು ಜೀವವಿರಲಿಲ್ಲ.

ಬರೆಯಲು ಸಿಗುತ್ತಿದ್ದದ್ದು ಮಧ್ಯಾಹ್ನ ಮಾತ್ರ. ಊಟವಾಗಿ ಎಲ್ಲರೂ ಬಿಸಿಲಿಗೆ ಅಡ್ಡಾದ ಮೇಲೆ, ಗಿರಣಿಯಲ್ಲಿ ಪಾಳಿ ಬದಲಾಗುವ ಭೋಂಗಾ ಕೂಗುವವರೆಗೆ. ಅದೂ ಬೇಸಿಗೆ, ಶ್ಯಾವಿಗೆ ಸಂಡಿಗೆಯ ಕಾಲ. ಮಾಳಿಗೆಯ ಮೇಲೆ ಹಾಕಿದ್ದು ಗಾಳಿಗೆ ಹಾರದಂತೆ ನೋಡಬೇಕು, ಮಗುಚಬೇಕು. ಅತ್ತೆ ಪಾರ್ವತಿಬಾಯಿ ಕೆಟ್ಟವಳಲ್ಲ. ಆದರೆ ಸೊಸೆ ಹಾಳೆಯ ಮೇಲೆ ಬಗ್ಗಿ ಕೂತಿದ್ದು ಕಂಡರೆ ಕೆಲಸವಿಲ್ಲದೆ ಕೂತಿದ್ದಾಳೆ ಎಂದೇ ಅವಳ ತಿಳಿವಳಿಕೆ.

“ಸುಮಿತ್ರಾ, ಖಾಲಿ ಅದಿಯೇನು? ಹಿಟ್ಟು ನಾದೋದು ಐತಿ ನೋಡು.”

“ಬಂದ್ನಿರೀ ಅತ್ತಿ.”

ಹಿಟ್ಟು ನಾದುತ್ತಲೇ ಅವಳು ಮುಂದಿನ ವಾಕ್ಯ ಹುಡುಕುತ್ತಿದ್ದಳು. ಸಿಕ್ಕಿದ ವಾಕ್ಯ ಕೈ ತೊಳೆಯುವಷ್ಟರಲ್ಲಿ ಮರೆತುಹೋಗುತ್ತಿತ್ತು. ಮೊದಮೊದಲು ಒಂದು ಪುಟ ಚೆನ್ನಾಗಿ ಬರಲಿ ಎಂದು ಹರಿದು ಹರಿದು ಬರೆದಳು. ದಿನಗಳು ಕರಗತೊಡಗಿದಂತೆ ಹರಿಯುವುದನ್ನು ಬಿಟ್ಟಳು. ಕೆಟ್ಟ ಪುಟವನ್ನು ತಿದ್ದಬಹುದು, ಬರೆಯದ ಪುಟವನ್ನು ತಿದ್ದಲಾಗದು ಎಂಬುದು ಆಗ ಅವಳಿಗೆ ತಿಳಿಯಿತು.

ಐದನೆಯ ಅಧ್ಯಾಯಕ್ಕೆ ಕಲ್ಪನೆಯ ಗಂಟು ಬರಿದಾಯಿತು. ಮೂರು ಮಧ್ಯಾಹ್ನ ಒಂದಕ್ಷರ ಹುಟ್ಟಲಿಲ್ಲ. ಎದೆ ಡವಡವ ಎನ್ನುತ್ತಿತ್ತು, ಭೋಂಗಾ ಕೂಗಿದರೆ ಬೈದಂತೆ ಕೇಳುತ್ತಿತ್ತು. ನಾಲ್ಕನೆಯ ಮಧ್ಯಾಹ್ನ ಅವಳು ದೊಡ್ಡವ್ವನ ಬದುಕನ್ನು ಎತ್ತಿಕೊಂಡಳು.

ದೊಡ್ಡವ್ವ ಎಂದರೆ ತಾಯಿಯ ಅಕ್ಕ ಗುರುಲಿಂಗಮ್ಮ. ಮೈಂದರ್ಗಿಯ ಹೊಲಮನೆಯವರ ಸೊಸೆ. ಮಕ್ಕಳಾಗಲಿಲ್ಲವೆಂದು ಗಂಡ ಎರಡನೆಯವಳನ್ನು ತಂದ. ಒಂದು ಬೆಳಿಗ್ಗೆ ಗುರುಲಿಂಗಮ್ಮ ಹೊಲದ ಬಾವಿಗೆ ಹೋಗಿ ಕೂತಿದ್ದಳಂತೆ ಎಂಬುದು ಬಂಧುಗಳಲ್ಲಿ ಪಿಸುಮಾತಿನ ಸುದ್ದಿ. ಹೇಗೆ ಹಿಂದಿರುಗಿದಳೆಂದು ಯಾರೂ ಕೇಳಿರಲಿಲ್ಲ. ಆಮೇಲೆ ಅವಳು ಅರ್ಧ ಹೊಲ ತನ್ನ ಹೆಸರಿಗೆ ಮಾಡಿಸಿಕೊಂಡು ಅಕ್ಕಲಕೋಟೆಗೆ ಬಂದು ಮನೆ ಮಾಡಿದಳು. ಈಗ ಸ್ವಾಮಿಗಳ ದರ್ಶನಕ್ಕೆ ಬರುವ ಭಕ್ತರಿಗೆ ಎರಡು ಖೋಲಿ ಬಾಡಿಗೆಗೆ ಕೊಟ್ಟು, ಅವರ ಮೇಲೆಲ್ಲ ದರ್ಪ ಮಾಡಿಕೊಂಡು ಇದ್ದಳು.

ದೊಡ್ಡವ್ವನ ನೋವನ್ನು ಎತ್ತಿಕೊಂಡದ್ದೇ ತಡ, ಪೆನ್ನು ಓಡತೊಡಗಿತು. ಸವತಿ ಬಂದ ದಿನದ ಅಡಿಗೆಮನೆ, ಮುರಿದ ಬಳೆ, ಗಂಡನ ತಗ್ಗಿದ ತಲೆ. ಕೊನೆಯ ಅಧ್ಯಾಯದಲ್ಲಿ ನಾಯಕಿ ನಿಂಬೆವ್ವ ಬಾವಿಗೆ ಹಾರಿಕೊಂಡಳು. ಅದನ್ನು ಬರೆಯುತ್ತ ಸುಮಿತ್ರಾಬಾಯಿ ಅತ್ತಳು. ಮುಗಿಯಿತಲ್ಲ ಎಂಬ ಸಮಾಧಾನವೂ ಆ ಅಳುವಿನಲ್ಲಿ ಸೇರಿತ್ತು.

ಶುದ್ಧ ಪ್ರತಿ ಮಾಡಲು ಕೂತಾಗ ಬೆವರು ಕಿತ್ತುಕೊಂಡು ಬಂತು. ಐದನೆಯ ಅಧ್ಯಾಯದವರೆಗೆ ನಿಂಬೆವ್ವ ಎಂದಿದ್ದವಳು ಮುಂದೆ ಅಲ್ಲಲ್ಲಿ ನೀಲವ್ವ ಆಗಿದ್ದಳು. ಎರಡನೆಯ ಅಧ್ಯಾಯದಲ್ಲಿ ಚಿಮಣಿ ಎಣ್ಣೆ ತರಲು ಹೋದ ಮೈದುನ ಕಾದಂಬರಿ ಮುಗಿದರೂ ಮನೆಗೆ ಬಂದಿರಲಿಲ್ಲ. ಸಿಕ್ಕಷ್ಟು ತಿದ್ದಿದಳು. ಅಂತೂ ಮೇ ತಿಂಗಳ ಎರಡನೆಯ ವಾರದಲ್ಲಿ ಕಟ್ಟು ಕಟ್ಟಿ ಅಂಚೆ ಕಚೇರಿಗೆ ಹೋದರೆ ಕಿಟಕಿಯಾಚೆಯವನು ತಲೆ ಅಲ್ಲಾಡಿಸಿದ.

“ರೇಲ್ವೆ ಸಂಪು ಐತ್ರಿ ಬಾಯಿ. ಪಾರ್ಸಲ್ ತೊಗೊಂಡ್ರೂ ಯಾವಾಗ ಮುಟ್ಟತೈತಿ ಹೇಳಾಕ ಆಗಂಗಿಲ್ಲ.”

ಅವಳು ಕಟ್ಟನ್ನು ಹಾಗೇ ಹಿಂದಕ್ಕೆ ತಂದಳು. ಮನೆಗೆ ಬಂದು ಗಂಡನ ಮುಂದೆ ಮೊದಲ ಸಲ ಎಲ್ಲವನ್ನೂ ಹೇಳಿದಳು, ಸುಳ್ಳು ಬರೆದದ್ದನ್ನೂ ಸೇರಿಸಿ. ಚನ್ನವೀರಪ್ಪ ಎಲೆ ಅಡಿಕೆ ಅಗಿಯುತ್ತ ಕೇಳಿಸಿಕೊಂಡ.

“ವ್ಯಾಪಾರದಾಗ ನಾವೂ ಹಂಗ ಹೇಳತೀವಿ, ಮಾಲ್ ತಯಾರ್ ಐತಿ ಅಂತ,” ಎಂದ. “ಖಂಡಪ್ಪ ಗುರುವಾರ ಮಧ್ಯಾಹ್ನ ಬಸ್ಸಿನ್ಯಾಗ ಬಿಜಾಪುರ ಮ್ಯಾಲ ಹುಬ್ಬಳ್ಳಿಗೆ ಹೊಂಟಾನ. ಅವನ ಕೈಯಾಗ ಕೊಡೂಣು.”

ಖಂಡಪ್ಪ ಅಂಗಡಿಯ ಹಳೆಯ ಗಿರಾಕಿ. ಅಂದು ಮಂಗಳವಾರ. ನಡುವೆ ಬಿಡುವು ಸಿಕ್ಕಿತು. ಸಿಕ್ಕಿದ್ದೇ ತಪ್ಪಾಯಿತು, ಅವಸರದಲ್ಲಿ ಬಾಯಿ ಮುಚ್ಚಿಕೊಂಡಿದ್ದ ಮನಸ್ಸು ಮಾತಾಡತೊಡಗಿತು. ದೊಡ್ಡವ್ವನ ಬಾವಿಯನ್ನು ಊರಿಗೆಲ್ಲ ಹಂಚುತ್ತಿದ್ದೀಯಲ್ಲ, ಅವಳನ್ನು ಒಂದು ಮಾತು ಕೇಳಿದೆಯಾ?

ಬುಧವಾರ ಬೆಳಿಗ್ಗೆ, ದೊಡ್ಡವ್ವನಿಗೆ ಶ್ಯಾವಿಗೆ ಕೊಟ್ಟು ನಾಳೆ ಬರುತ್ತೇನೆಂದು ಅತ್ತೆಗೆ, ಇನ್ನೊಂದಿಷ್ಟು ತಿದ್ದಿ ನೇರ ಸ್ಟ್ಯಾಂಡಿಗೇ ತರುತ್ತೇನೆಂದು ಗಂಡನಿಗೆ ಹೇಳಿ, ಚೀಲದಲ್ಲಿ ಶ್ಯಾವಿಗೆಯ ಕೆಳಗೆ ಕಾದಂಬರಿ ಇಟ್ಟುಕೊಂಡು ಅಕ್ಕಲಕೋಟೆಯ ಬಸ್ಸು ಹತ್ತಿದಳು.

ಗುರುಲಿಂಗಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಪಡಸಾಲೆಯಲ್ಲಿ ಕೂತು ಬೆರಳಿನಿಂದಲೇ ತಡವಿ ಜೋಳ ಹಸನು ಮಾಡುತ್ತಿದ್ದಳು. ಸುಮಿತ್ರಾಬಾಯಿ ಹತ್ತಿರ ಕೂತು, ಚೀಲದಿಂದ ಹಾಳೆ ತೆಗೆದು, “ದೊಡ್ಡವ್ವಾ, ಒಂದು ಕತಿ ಬರದೀನಿ. ಓದ್ಲ್ಯಾ?” ಎಂದಳು.

“ಓದು. ಕಿವಿ ನೆಟ್ಟಗದಾವ.”

ಅವಳು ಐದನೆಯ ಅಧ್ಯಾಯದಿಂದ ಓದಿದಳು. ಸವತಿ ಬರುವಲ್ಲಿ ಮೊರದ ಮೇಲಿನ ಕೈ ಒಮ್ಮೆ ನಿಂತಿತು, ಮತ್ತೆ ಆಡತೊಡಗಿತು. ಸುಮಿತ್ರಾಬಾಯಿ ತಲೆ ಎತ್ತದೆ ಓದುತ್ತ ಹೋದಳು. ಮಧ್ಯೆ ಯಾರೋ ಭಕ್ತರು ನೀರು ಕೇಳಿ ಬಂದರು. ದೊಡ್ಡವ್ವ ಕೊಡದತ್ತ ಬೆರಳು ತೋರಿಸಿ, “ಓದು ನೀ,” ಎಂದಳು. ನಿಂಬೆವ್ವ ಬಾವಿಗೆ ಬಿದ್ದಾಗ ಬಿಸಿಲು ಅಂಗಳ ದಾಟಿ ಗೋಡೆಗೆ ಏರಿತ್ತು.

ಗುರುಲಿಂಗಮ್ಮ ಮೊರವನ್ನು ಪಕ್ಕಕ್ಕಿಟ್ಟಳು.

“ಅಲ್ಲ ತಂಗಿ, ನನ್ನ ಯಾಕ ಕೊಂದಿ?”

ಬೈಗುಳಕ್ಕೆ, ಅಳುವಿಗೆ, ಇದನ್ನು ಹರಿದು ಹಾಕು ಎಂಬ ಮಾತಿಗೆ ಸುಮಿತ್ರಾಬಾಯಿ ತಯಾರಾಗಿ ಬಂದಿದ್ದಳು. ಈ ಪ್ರಶ್ನೆಗೆ ತಯಾರಿರಲಿಲ್ಲ.

“ಟೈಮ್ ಇರಲಿಲ್ಲ ದೊಡ್ಡವ್ವಾ,” ಎಂದಳು. ಹೇಳಿದ ಮೇಲೆ ಅದೇ ನಿಜವೆಂದು ತಿಳಿದು ನಾಚಿಕೆಯಾಯಿತು.

ಮುದುಕಿ ನಕ್ಕಳು. “ನಿನಗ ಟೈಮ್ ಇಲ್ಲಂತ ನಾ ಸಾಯಬೇಕೇನು? ಸಾಯೂದು ಹಗರ. ಬಾವಿ ದಂಡಿಗೆ ಹೋದಾಕಿನ ಮನಿಗೆ ಕರಕೊಂಡು ಬರೂದು ತ್ರಾಸು. ಅದನ್ನ ಬರಿ.”

“ನೀ ಹ್ಯಾಂಗ ಬಂದಿ?”

“ಯಾರೂ ಕೇಳಿರಲಿಲ್ಲ ನೋಡು,” ಎಂದು ದೊಡ್ಡವ್ವ ಕಾಲು ಚಾಚಿಕೊಂಡಳು. “ಬಾವಿ ಪಾವಟಗಿ ಮ್ಯಾಲ, ಕೆಳಗಿನ ಮೆಟ್ಟಲಕ್ಕ ಕುಂತಿದ್ದೆ. ಕುರಿ ಕಾಯಾಕಿ ಬೀರವ್ವ ಅಂತ, ಓಡಿಕೋತ ಬಂದ್ಲು. ‘ಯವ್ವಾ, ಮಗಳು ಹಡ್ಯಾಕತ್ತಾಳಂತ ಸುದ್ದಿ ಬಂತು, ಕುರಿ ಒಂದೀಟು ನೋಡ್ಕೋ, ಈಗ ಬಂದ್ಬಿಡ್ತೀನಿ’ ಅಂದಾಕಿನ ತನ್ನ ಬುತ್ತಿ ನನ್ನ ಉಡ್ಯಾಗ ಹಾಕಿ ಓಡಿದ್ಲು. ನಾ ಯಾಕ ಅಲ್ಲಿ ಕುಂತೀನಿ ಅಂತ ಸೈತ ಕೇಳಲಿಲ್ಲ. ಕುರಿ ಬಿಟ್ಟು ಹ್ಯಾಂಗ ಸಾಯೂದು? ಒಂದು ಜೋಳದ ಹೊಲಕ್ಕ ನುಗ್ಗತೈತಿ, ಒಂದು ಬಾವಿಗೇ ಬರತೈತಿ. ಮಧ್ಯಾಹ್ನ ಹಸಿವ್ಯಾತು. ಕಟಕ ರೊಟ್ಟಿ, ಶೇಂಗಾ ಹಿಂಡಿ. ಎಂಟು ದಿನದಾಗ ಮೊದಲ್ನೇ ಸಲ ರುಚಿ ಹತ್ತಿತು. ಆಕಿ ಬಂದದ್ದು ಹೊತ್ತು ಮುಣಗೂವಾಗ. ‘ಹೆಣ್ಣು ಹುಟ್ಯಾಳ’ ಅಂದ್ಲು.”

“ಆಮ್ಯಾಲ?”

“ಆಮ್ಯಾಲೇನು? ಒಂದು ದಿನ ಕುರಿ ಕಾದಾಕಿಗೆ ಒಂದು ಗಂಡ್ಸಿನ ಅಂಜಿಕಿ ಏನು? ಮನಿಗೆ ಹೋಗಿ ಅರ್ಧ ಹೊಲ ಬೇಡಿದೆ.” ದೊಡ್ಡವ್ವ ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. “ನನ್ನ ಹೆಸರು ಹಾಕಬ್ಯಾಡ. ಮೈಂದರ್ಗಿ ಹೆಸರೂ ಬ್ಯಾಡ. ಬೀರವ್ವಂದು ಮಾತ್ರ ಖರೇ ಹೆಸರು ಹಾಕು. ಆಕಿ ಈಗಿಲ್ಲ.”

ಹಾಗಾದರೆ ಕೊನೆಯ ಅಧ್ಯಾಯ ಹೊಸದಾಗಿ ಬರೆಯಬೇಕು, ನಾಳೆ ಮಧ್ಯಾಹ್ನ ಖಂಡಪ್ಪ ಹೊರಡುತ್ತಾನೆ. ಸುಮಿತ್ರಾಬಾಯಿ ಉಳಿದ ತಾಸುಗಳನ್ನು ಲೆಕ್ಕ ಹಾಕಿದಳು. ಇದ್ದದ್ದನ್ನೇ ಕೊಟ್ಟುಬಿಟ್ಟರೆ? ಹುಬ್ಬಳ್ಳಿಯಲ್ಲಿ ಯಾರಿಗೆ ಗೊತ್ತಾಗುತ್ತದೆ? ಹಾಗೆಂದುಕೊಳ್ಳುತ್ತಲೇ ಅವಳು ಹಾಳೆ ಬಿಚ್ಚಿದ್ದಳು. ರಾತ್ರಿ ಅಲ್ಲೇ ಉಳಿದು ಕಂದೀಲಿನ ಬೆಳಕಿನಲ್ಲಿ, ಬೆಳಗಾಗುತ್ತಿದ್ದಂತೆ ಹಿತ್ತಲ ಕಟ್ಟೆಯ ಮೇಲೆ ಕೂತು ಬರೆದಳು. ದೊಡ್ಡವ್ವ ಚಹಾ ತಂದಿಟ್ಟು, “ಕುರಿ ಕೊಳ್ಳಾಗ ಗಂಟಿ ಇತ್ತು,” ಎಂದೊಮ್ಮೆ ಹೇಳಿ ಹೋದಳು. “ಬೀರವ್ವನ ಎಡಗಾಲು ಸ್ವಲ್ಪ ಕುಂಟು,” ಎಂದು ಇನ್ನೊಮ್ಮೆ. ವಾಕ್ಯಗಳು ಕೆಲವು ಕುಂಟಿದವು, ಅವಳು ನಿಲ್ಲಲಿಲ್ಲ. ಶುದ್ಧ ಪ್ರತಿಗೆ ಹೊತ್ತಿರಲಿಲ್ಲ. ಗೀಚಿದ, ಕಾಟು ಹಾಕಿದ ಸಾಲುಗಳ ಸಮೇತ ಹಾಳೆ ಸೇರಿಸಿ ಬಸ್ಸಿಗೆ ಓಡಿದಳು.

ಕುಂಭಾರಿಯ ಹತ್ತಿರ ಬಸ್ಸಿನ ಹಿಂದಿನ ಗಾಲಿ ಪಂಕ್ಚರ್ ಆಯಿತು. ಕಂಡಕ್ಟರ್ ಎಲ್ಲರನ್ನೂ ಇಳಿಸಿದ. ಬೇವಿನ ಮರದ ನೆರಳಿನಲ್ಲಿ ನಿಂತು ಅವಳು ಚೀಲವನ್ನು ಎದೆಗೆ ಒತ್ತಿಕೊಂಡಿದ್ದಳು. ಜಾಕು ಜಾರಿತು, ಮತ್ತೆ ಹಚ್ಚಿದರು. ಸೊಲ್ಲಾಪುರದ ಕಡೆಗೆ ಹೋಗುವ ಒಂದು ಲಾರಿಗೆ ಕೈ ಮಾಡಿದಳು. ಅದು ನಿಲ್ಲದೆ ಧೂಳೆಬ್ಬಿಸಿ ಹೋಯಿತು. ಶಿವಶರಣಪ್ಪನವರು ಚಂದಾದಾರರಿಗೆ ಕ್ಷಮಾಪಣೆ ಅಚ್ಚು ಹಾಕಿಸುವುದು, ಅದರಲ್ಲಿ ತನ್ನ ಹೆಸರಿರುವುದು, ಎಲ್ಲ ಕಣ್ಣಿಗೆ ಕಟ್ಟಿತು.

ಸೊಲ್ಲಾಪುರದ ಸ್ಟ್ಯಾಂಡಿನಲ್ಲಿ ಇಳಿದಾಗ ಬಿಜಾಪುರದ ಬಸ್ಸಿನ ಜಾಗ ಖಾಲಿ ಇತ್ತು. ಅವಳು ಅಲ್ಲೇ ಕಟ್ಟೆಯ ಮೇಲೆ ಕುಸಿದಳು. ಕ್ಯಾಂಟೀನಿನ ಕಡೆಯಿಂದ ಗಂಡನ ದನಿ ಕೇಳಿತು. ಚನ್ನವೀರಪ್ಪ ಖಂಡಪ್ಪನನ್ನು ಕೂರಿಸಿಕೊಂಡು ಎರಡನೆಯ ತಟ್ಟೆ ಭಜಿ ತರಿಸಿದ್ದ.

“ಬಸ್ಸು ಬಿಟ್ಟು ಒಂದು ತಾಸ ಆತು,” ಎಂದ ಖಂಡಪ್ಪ, ಕೈ ಒರೆಸಿಕೊಳ್ಳುತ್ತ. “ಇವರು ಬಿಡಲಿಲ್ರೀ ವೈನಿ. ಮುಂದಿಂದಕ್ಕ ಹೋಗು ಅಂತ ರಟ್ಟಿ ಹಿಡದು ಕುಂದ್ರಿಸ್ಯಾರ.”

ಚನ್ನವೀರಪ್ಪ ಹೆಂಡತಿಯ ಧೂಳು ಹಿಡಿದ ಮುಖ ನೋಡಿದ. “ಈಗರೆ ಮುಗೀತೇನು?”

“ಮುಗೀತ್ರಿ.”

“ಹಂಗಾರ ಚಹಾ ಕುಡಿ.”

ಕಾದಂಬರಿ ಜೂನಿನಲ್ಲಿ ಬರಲಿಲ್ಲ, ಜುಲೈಯಲ್ಲಿ ಬಂತು. ಕೊನೆಯ ಅಧ್ಯಾಯದ ಗೀಚು ಓದಲಾರದೆ ಅಚ್ಚುಮೊಳೆ ಜೋಡಿಸುವವರು ತಮಗೆ ತಿಳಿದಂತೆ ಜೋಡಿಸಿದ್ದರು. ಎರಡು ಕಡೆ ನಿಂಬೆವ್ವ ನೀಲವ್ವನಾಗಿಯೇ ಉಳಿದಿದ್ದಳು. ಅಂತ್ಯ ಸ್ವಲ್ಪ ತಣ್ಣಗಾಯಿತು, ಓದುಗರು ಕಣ್ಣೀರು ಬಯಸುತ್ತಾರೆ ಎಂದು ಶಿವಶರಣಪ್ಪನವರು ಬರೆದರು. ಸುಮಿತ್ರಾಬಾಯಿ ತಪ್ಪುಗಳನ್ನು ಒಂದೊಂದಾಗಿ ಗುರುತು ಹಾಕಿಕೊಂಡಳು. ಆಮೇಲೆ ಬಾಗಲಕೋಟೆಯ ಕಡೆಯಿಂದ ಹೆಸರು ಹಾಕದ ಒಬ್ಬ ಹೆಂಗಸಿನ ಕಾರ್ಡು ಬಂತು: ‘ಕುರಿ ಕಾಯುವ ಭಾಗವನ್ನು ಮೂರು ಸಲ ಓದಿದೆ.’ ಅಷ್ಟೇ ಇತ್ತು. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಶ್ರಾವಣದಲ್ಲಿ ಪ್ರಕಾಶಕರ ಕಾಗದ ಮತ್ತೆ ಬಂತು. ದೀಪಾವಳಿಗೆ ಇನ್ನೊಂದು ಕಾದಂಬರಿ ಕೊಡಬಹುದೇ, ಏನಾದರೂ ತಯಾರಿದೆಯೇ? ಸುಮಿತ್ರಾಬಾಯಿಯ ಎದೆ ಮತ್ತೆ ಅದೇ ರೀತಿ ಹೊಡೆದುಕೊಂಡಿತು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಉತ್ತರ ಬರೆಯಲು ಕೂತಳು. ತಯಾರಿಲ್ಲ, ಎರಡು ಪುಟ ಮಾತ್ರ ಆಗಿದೆ, ಮುಗಿದ ಮೇಲೆ ನಾನೇ ತಿಳಿಸುತ್ತೇನೆ ಎಂದು ಬರೆದಳು. ಅಂಟಿಸಿ ಅಂಚೆಗೆ ಹಾಕಿ ಬಂದು, ಮೂರನೆಯ ಪುಟ ತೆಗೆದಳು.